ಫಾ ಸುಕ್ ಗಡಿ ದಾಟುವ ಮುನ್ನ

“ಏನೂ ಸಿಗಲಿಲ್ಲ ದೊಡ್ಡಮ್ಮ. ಡಿಕ್ಕಿ ಪೂರ್ತಿ ಖಾಲಿ ಮಾಡಿಸ್ದೆ. ಸೀಟಿನ ಕೆಳಗೆ ಮಲಗಿ ನೋಡ್ದೆ. ಜಿರಳೆ ಬಿಟ್ರೆ ಬೇರೆ ಯಾರೂ ಟಿಕೆಟ್ ಇಲ್ದೆ ಪ್ರಯಾಣ ಮಾಡ್ತಿಲ್ಲ.”

ಕಸ್ಟಮ್ಸ್‌ನ ಥೋಂಗ್ದಿ ಮೊಣಕಾಲಿನ ಧೂಳು ಕೊಡವಿಕೊಂಡ. ಅವನ ಹಿಂದೆ ಲಾವೋಸಿನ ವಾಂಗ್ ತಾವ್ ಗಡಿಯ ಸಿಮೆಂಟ್ ಅಂಗಳದಲ್ಲಿ ನಮ್ಮ ಬಸ್ಸಿನ ಅಷ್ಟೂ ಸಾಮಾನು ಬಿಸಿಲಿಗೆ ಬಿದ್ದಿತ್ತು. ಎಲೆಕೋಸಿನ ಮೂಟೆಗಳು, ಕಾಫಿಬೀಜದ ಚೀಲಗಳು, ಒಂದು ಟೇಬಲ್ ಫ್ಯಾನು, ಯಾರದೋ ಹೊಸ ಹಾಸಿಗೆ.

ಬುವಾಖಾಮ್ ದೊಡ್ಡಮ್ಮ ಸುಟ್ಟ ಬಾಳೆಹಣ್ಣಿನ ಕೊನೆಯ ತುಂಡನ್ನು ಕಡ್ಡಿಯಿಂದ ಕಚ್ಚಿ ಎಳೆದರು. “ಸೀಟಿನ ಕೆಳಗೆ ನೋಡು ಅಂತ ನಿನಗೆ ಯಾರಪ್ಪ ಹೇಳಿದ್ದು?”

“ನೀವೇ ಅಲ್ವಾ ಬಸ್ ಹುಡುಕು ಅಂದಿದ್ದು?”

“ಹುಡುಕು ಅಂದೆ. ನೆಲ ಒರೆಸು ಅನ್ಲಿಲ್ಲ.”

ಥೋಂಗ್ದಿ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ದೊಡ್ಡಮ್ಮ ಪೊಲೀಸ್ ಕೆಲಸದಲ್ಲಿದ್ದಾಗ ಅವರ ಕೈಕೆಳಗೆ ಪಳಗಿದವನು ಅವನು. ಅವರು ನಿವೃತ್ತರಾಗಿ ಖಾಸಗಿ ಪತ್ತೇದಾರಿಕೆ ಶುರುಮಾಡಿದ ಮೇಲೆ ಬೈಸಿಕೊಳ್ಳುವ ಸರದಿ ನನ್ನದಾಗಿದೆ. ನಾನು ಸೇಂಗ್, ಅವರ ತಂಗಿಯ ಮಗ. ಪಾಕ್ಸೆ ಪಟ್ಟಣದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ, ಬಿಡುವಾದಾಗ ಅವರ ಚೀಲ ಹೊರುತ್ತೇನೆ.

ಈ ಸಲ ಚೀಲ ಹೊತ್ತದ್ದು ಬಿಡುವಾಗಿ ಅಲ್ಲ. ನಮ್ಮ ಹಳ್ಳಿಯ ವಿಹಾರದಿಂದ ಗೇಣುದ್ದದ ಬೆಳ್ಳಿಯ ಬುದ್ಧ ಫಾ ಸುಕ್ ಮಾಯವಾಗಿ, ವಿಗ್ರಹಗಳಿಗೆ ಬಂಗಾರದ ರೇಕು ಹಚ್ಚುವ ನನ್ನ ತಮ್ಮ ಖಂಥಲಿ ಲಾಕಪ್ಪಿನಲ್ಲಿ ಕೂತಿದ್ದ. ಬೀಗ ಒಡೆದಿರಲಿಲ್ಲ, ಬೀಗದ ಕೈ ಇದ್ದದ್ದು ಅವನ ಹತ್ತಿರ ಮಾತ್ರ. ನಾಳೆ ಅವನನ್ನು ಕೋರ್ಟಿಗೆ ಒಪ್ಪಿಸುತ್ತಾರೆ. ಫಾ ಸುಕ್ ಈ ಬಸ್ಸಿನಲ್ಲಿ ಥಾಯ್ಲೆಂಡಿನ ಉಬೋನ್‌ಗೆ ಹೊರಟಿದ್ದಾನೆ ಎಂಬ ಸುಳಿವು ಸಿಕ್ಕಿ ನಾವೂ ಓಡಿಬಂದು ಹತ್ತಿದ್ದೆವು. ಈ ಅಂಗಳ ದಾಟಿದರೆ ಆಚೆ ಥಾಯ್ ಕಡೆಯ ಚೋಂಗ್ ಮೆಕ್. ಅಲ್ಲಿಗೆ ಹೋದ ವಿಗ್ರಹ ವಾಪಸ್ಸು ಬರುವುದಿಲ್ಲ, ವಿಗ್ರಹ ಬಾರದಿದ್ದರೆ ನನ್ನ ತಮ್ಮನೂ ಬರುವುದಿಲ್ಲ.

ನಾನು ನಿಮಿಷಕ್ಕೊಮ್ಮೆ ಗಡಿಯ ಗೇಟು ನೋಡುತ್ತಿದ್ದೆ. ದೊಡ್ಡಮ್ಮನಿಗೆ ಬಾಳೆಹಣ್ಣು ಇಳಿಯುತ್ತಿತ್ತು.

ಡ್ರೈವರ್ ಹಾರ್ನ್ ಒತ್ತಿ ಕಿಟಕಿಯಿಂದ ತಲೆ ಹೊರಹಾಕಿದ. “ಸಾಹೇಬ್ರೆ, ಇನ್ನೂ ಎಷ್ಟು ಹೊತ್ತು? ಆ ಕಡೆ ಕೌಂಟರ್‌ನಲ್ಲಿ ಸಾಲು ಬೆಳೀತಾ ಇದೆ. ನಮ್ಮ ಹಿಂದೆ ಬರೋ ವ್ಯಾನ್‌ನೋರೆಲ್ಲ ಮುಂದೆ ಹೋಗಿ ನಿಲ್ತಾರೆ!”

“ಜನ ಉಂಡು ಮುಗಿಸೋ ತನಕ,” ದೊಡ್ಡಮ್ಮ ಥೋಂಗ್ದಿಯ ಪರವಾಗಿ ಉತ್ತರ ಕೊಟ್ಟರು. “ಹಸಿದ ಜನಾನ ಗಡಿ ದಾಟಿಸಿದ್ರೆ ಪಾಪ ಬರುತ್ತೆ.”

ತಗಡಿನ ಸೂರಿನ ಕೆಳಗೆ ಜನ ಆಗಲೇ ಚಾಪೆ ಹಾಸಿಯಾಗಿತ್ತು. ನಮ್ಮವರಿಗೆ ಎಲ್ಲಿ ನಿಲ್ಲಿಸಿದರೂ ಸರಿ, ಕಾಯಬೇಕೆಂದರೆ ಉಣ್ಣುತ್ತಾರೆ. ಅಂಟು ಅನ್ನ ತುಂಬಿದ ಬಿದಿರಿನ ಬುಟ್ಟಿಗಳ ಮುಚ್ಚಳ ತೆರೆದುಕೊಂಡವು. ಯಾರೋ ಸುಟ್ಟ ಕೋಳಿ ತಂದರು, ಯಾರೋ ಕುಟ್ಟಿದ ಪರಂಗಿಕಾಯಿ ತಂದರು. ಮೆಣಸಿನಕಾಯಿ ಘಾಟಿಗೆ ಗಡಿ ಕಾಯುವ ಸಿಪಾಯಿಯೂ ಸೀನಿದ.

ನನ್ನ ಅನುಮಾನವೆಲ್ಲ ಒಬ್ಬನ ಮೇಲೆಯೇ ಇತ್ತು. ಉಬೋನ್‌ನ ಹಳೆ ಸಾಮಾನಿನ ವ್ಯಾಪಾರಿ ವಿರಾತ್. ಇಸ್ತ್ರಿ ಮಾಡಿದ ಅಂಗಿ, ಬೆರಳಿಗೆ ಹಸಿರು ಕಲ್ಲಿನ ಉಂಗುರ. ಡಿಕ್ಕಿಯಲ್ಲಿ ಅವನ ಮರದ ಪೆಟ್ಟಿಗೆಗಳಿದ್ದವು. ಕಳೆದ ತಿಂಗಳು ನಮ್ಮ ವಿಹಾರಕ್ಕೆ ಬಂದು ಫಾ ಸುಕ್‌ಗೆ ಬೆಲೆ ಕೇಳಿ ಬೈಸಿಕೊಂಡು ಹೋಗಿದ್ದವನು ಇವನೇ.

“ಪೆಟ್ಟಿಗೆ ಒಡೆದು ನೋಡಿದ್ರಲ್ಲ, ಏನಿತ್ತು?” ವಿರಾತ್ ಎಲ್ಲರಿಗೂ ಕೇಳುವಂತೆ ಅಂದ. “ಹಳೇ ಕಿಟಕಿ ಬಾಗಿಲು. ಪರವಾನಗಿ ಇದೆ, ಮೊಹರು ಇದೆ. ಹೌದು, ವಿಗ್ರಹ ನೋಡ್ದೆ. ಹೌದು, ಕೇಳ್ದೆ. ಕೊಡಲ್ಲ ಅಂದ್ರು, ಕೈಮುಗಿದು ಬಂದೆ. ಕೇಳಿದ್ದಕ್ಕೇ ಕಳ್ಳ ಅನ್ನೋದಾದ್ರೆ ಸಂತೇಲಿ ಇರೋರೆಲ್ಲ ಕಳ್ಳರೇ.”

“ಸಂತೇಲಿ ಇರೋರು ಸೊಪ್ಪು ಕೇಳ್ತಾರೆ ಸ್ವಾಮಿ, ಬುದ್ಧನ್ನ ಕೇಳಲ್ಲ,” ಎಂದಳು ಮನಿವಾನ್.

ಮನಿವಾನ್ ಹೆಂಗಸರು ಸೊಂಟಕ್ಕೆ ಸುತ್ತುವ ರೇಷ್ಮೆ ಸಿನ್‌ಗಳನ್ನು ಉಬೋನ್ ಸಂತೆಗೆ ಒಯ್ದು ಮಾರುವವಳು. ವಾರಕ್ಕೊಮ್ಮೆ ಈ ದಾರಿ ಹಿಡಿಯುವುದರಿಂದ ಬಸ್ಸೂ ಅವಳದೇ, ಗಡಿಯೂ ಅವಳದೇ ಎಂಬ ಧಾಟಿ. ಸಿನ್‌ಗಳ ಪೆಟ್ಟಿಗೆ ಒಂದು, ತಾನು ಉಟ್ಟು ಬಿಟ್ಟ ಬಟ್ಟೆಗಳ ಗಂಟು ಒಂದು. ಗಂಟಿನ ಗಾತ್ರ ನೋಡಿದರೆ ಅವಳು ತಿಂಗಳಿಂದ ಬಟ್ಟೆ ಒಗೆದಿರಲಾರಳು.

“ನಿನ್ನ ಗಂಟೂ ಬಿಚ್ಚಿಸಬೇಕಾಗಿತ್ತು,” ವಿರಾತ್ ಗೊಣಗಿದ.

“ಬಿಚ್ಚಿಸಿದ್ರಲ್ಲ! ಪಾಪ ಥೋಂಗ್ದಿಯಣ್ಣ ಮೂಗು ಮುಚ್ಕೊಂಡೇ ಬಿಚ್ಚಿದ್ರು.”

ಎಲ್ಲರೂ ನಕ್ಕರು. ನಗದೆ ಇದ್ದವರು ಸೀಫಾನ್ ತಾತ ಒಬ್ಬರೇ. ಅವರು ನಕ್ಕದ್ದನ್ನು ನಮ್ಮೂರಿನಲ್ಲಿ ಕಂಡವರು ಕಡಿಮೆ, ಹಾಗಾಗಿ ನಾನೇನೂ ಅಂದುಕೊಳ್ಳಲಿಲ್ಲ.

ಸೀಫಾನ್ ತಾತ ನಮ್ಮ ವಿಹಾರದ ಹಿರಿಯರು. ಭಿಕ್ಷುಗಳಿಗೆ ಕಷ್ಟ ಬಂದರೂ ಅವರನ್ನೇ ಕೇಳುತ್ತಾರೆ. ಮಂತ್ರ ಹೇಳುವುದನ್ನು ನನಗೂ ಖಂಥಲಿಗೂ ಕಲಿಸಿದವರು ಅವರೇ. ಬೀಗದ ಕೈ ಖಂಥಲಿಯ ಹತ್ತಿರ ಮಾತ್ರ ಇತ್ತೆಂದು ಪೊಲೀಸರಿಗೆ ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಉಬೋನ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದೇನೆ ಎಂದರು. ಬಸ್ಸಿನಲ್ಲಿ ಅವರನ್ನು ಕಂಡು ನನಗೆ ಧೈರ್ಯವೇ ಬಂದಿತ್ತು.

“ಬನ್ನಿ ಸೀಫಾನಣ್ಣ, ಕೂತ್ಕೊಳ್ಳಿ,” ದೊಡ್ಡಮ್ಮ ಚಾಪೆಯ ಮೇಲೆ ಜಾಗ ಮಾಡಿಕೊಟ್ಟರು. “ಕೋಳಿ ಬಿಸಿಯಾಗಿದೆ.”

“ಬೇಡಮ್ಮ, ಹಸಿವಿಲ್ಲ.”

“ಹಸಿವಿಲ್ದಿದ್ರೆ ಏನು? ಕರೆದಾಗ ಒಂದು ತುತ್ತಾದ್ರೂ ಕೈಗೆ ತಗೋಬೇಕು. ಇಲ್ದಿದ್ರೆ ನನ್ನ ಮೇಲೆ ಕೋಪ ಅಂದ್ಕೋತೀನಿ.”

ತಾತ ಬಂದು ಕೂತರು. ಅವರ ಬಗಲಲ್ಲಿ ದೊಡ್ಡದೊಂದು ಅನ್ನದ ಬುಟ್ಟಿ ಇತ್ತು, ಮನೆ ಮಂದಿಗೆಲ್ಲ ಸಾಕಾಗುವಂಥದು. ಕೂರುವ ಮುಂಚೆ ಹುಲ್ಲಿನ ಟೋಪಿ ತೆಗೆದು ಕಂಕುಳಿಗಿಟ್ಟುಕೊಂಡು, ಬುಟ್ಟಿಯನ್ನು ಹಿಂದಿನ ಕೌಂಟರಿನ ಕಟ್ಟೆಯ ಮೇಲಿಟ್ಟರು. ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಂಡರು. ಮಿಕ್ಕವರ ಬುಟ್ಟಿಗಳೆಲ್ಲ ಚಾಪೆಯ ಮೇಲೆ, ಕಾಲುಗಳ ಪಕ್ಕ ಇದ್ದವು.

“ಅನ್ನ ತೆಗೀರಿ ಅಣ್ಣ.”

“ಅದು ಮಗಳಿಗೆ. ನಮ್ಮ ಗದ್ದೆ ಅಕ್ಕೀದು. ಅಲ್ಲಿ ಸಿಗಲ್ಲ ಅಂತಾಳೆ.”

“ಹೌದೌದು. ಪರದೇಶದಲ್ಲಿ ಊರಿನ ಅನ್ನ ಅಂದ್ರೆ ಅಮೃತ,” ದೊಡ್ಡಮ್ಮ ತಮ್ಮ ಬುಟ್ಟಿಯನ್ನೇ ಅವರತ್ತ ತಳ್ಳಿದರು. ತಾತ ಒಂದು ಮುಷ್ಟಿ ಅನ್ನ ಹಿಚುಕಿ ಉಂಡೆ ಮಾಡಿದರು, ಮೀನಿನ ಗೊಜ್ಜಿಗೆ ಅದ್ದಿದರು. ಬಾಯಿಗೆ ಹಾಕಿಕೊಂಡದ್ದನ್ನು ನುಂಗಲು ಬಹಳ ಹೊತ್ತು ತೆಗೆದುಕೊಂಡರು.

ದೊಡ್ಡಮ್ಮ ಕೈ ತೊಳೆಯುವ ನೆಪದಲ್ಲಿ ನನ್ನನ್ನು ನಲ್ಲಿಯ ಹತ್ತಿರ ಎಳೆದೊಯ್ದರು.

“ಹೇಳು, ಯಾರು?”

“ವಿರಾತ್. ಇನ್ಯಾರು? ಪೆಟ್ಟಿಗೆಗೆ ಕಳ್ಳತಳ ಇರುತ್ತೆ. ಥೋಂಗ್ದಿ ಸರಿಯಾಗಿ ನೋಡಿಲ್ಲ.”

“ಪೆಟ್ಟಿಗೆ ಎಲ್ಲಿತ್ತು?”

“ಡಿಕ್ಕೀಲಿ.”

“ಡಿಕ್ಕಿ ಮೇಲೆ ಏನಿದೆ?”

“ಸೀಟು. ಜನ.”

“ಜನರ ಏನು?”

ನಾನು ಬಸ್ಸಿನ ಕಿಟಕಿಗಳ ಕಡೆ ತಿರುಗಿದೆ.

“ಜನರ ಕಾಲು, ಜನರ ಕುಂಡೆ!” ದೊಡ್ಡಮ್ಮ ಒದ್ದೆ ಕೈಯಿಂದ ನನ್ನ ತಲೆಗೆ ಮೊಟಕಿದರು. “ಮನೇಲಿ ನೀನು ಬುದ್ಧನ ಕಡೆ ಕಾಲು ಚಾಚಿ ಮಲಗ್ತೀಯಾ? ಅಟ್ಟದ ಕೆಳಗೆ ಬುದ್ಧನ್ನ ಇಟ್ಟು ಮೇಲೆ ಓಡಾಡ್ತೀಯಾ? ನಿನ್ನಂಥ ಸೋಮಾರಿನೇ ಮಾಡಲ್ಲ. ಆ ವಿರಾತನೂ ಮಾಡಲ್ಲ. ಗಡಿಯ ಆಚೆಯೋನಾದ್ರೇನು, ಬೆಳಿಗ್ಗೆ ಎದ್ದು ಕೈಮುಗಿಯೋದು ನಾವು ಮುಗಿಯೋ ಬುದ್ಧನಿಗೇ. ಕಳ್ಳತನ ಮಾಡೋ ಕೈಗೆ ನಾಚಿಕೆ ಇಲ್ದೆ ಇರಬಹುದು ಕಣೋ. ಆದ್ರೆ ಹುಟ್ಟಿದಾಗಿಂದ ಬಂದ ಅಭ್ಯಾಸ ಬಿಡುತ್ತಾ?”

“ಹಾಗಾದ್ರೆ ಮೇಲೆ… ಲಗೇಜ್ ರ‍್ಯಾಕ್‌ನಲ್ಲಿ?”

“ಈಗ ಬಂದೆ ದಾರಿಗೆ.”

“ಆದ್ರೆ ಅಲ್ಲಿದ್ದ ಬ್ಯಾಗುಗಳ್ನೂ ಥೋಂಗ್ದಿ ನೋಡ್ದ.”

“ಬ್ಯಾಗು ನೋಡ್ದ. ನಾನು ಜನಾನ ನೋಡ್ದೆ.” ದೊಡ್ಡಮ್ಮ ಸೆರಗಿನಂಥ ತಮ್ಮ ಹೆಗಲ ಬಟ್ಟೆಯಲ್ಲಿ ಕೈ ಒರೆಸಿಕೊಂಡರು. ಅವರ ಮುಖ ಗೆದ್ದವರ ಮುಖದಂತಿರಲಿಲ್ಲ. “ಸೇಂಗ್, ನಾನು ಈಗ ಒಂದು ಕೆಲಸ ಹೇಳ್ತೀನಿ. ಯಾಕೆ ಅಂತ ಕೇಳ್ಬೇಡ. ಹೇಳಿದ ಹಾಗೆ ಮಾಡು. ನಿಧಾನವಾಗಿ ಮಾಡು.”

ಊಟ ಮುಗಿದಿತ್ತು. ಸಾಮಾನುಗಳು ಮತ್ತೆ ಡಿಕ್ಕಿ ಸೇರುತ್ತಿದ್ದವು. ನಮ್ಮದು ಥಾಯ್ ಬಸ್ಸು, ಬಾಗಿಲು ಎಡಕ್ಕೆ. ಲಾವೋಸಿನ ರಸ್ತೆಯಲ್ಲಿ ಇಳಿಯುವವರು ನಡುರಸ್ತೆಗೇ ಇಳಿಯಬೇಕು. ಆ ಬಾಗಿಲ ಬಳಿ ನಿಂತು ಡ್ರೈವರ್ ಎಲ್ಲರನ್ನೂ ಬೈಯುತ್ತಿದ್ದ.

“ಸೀಫಾನಣ್ಣ,” ದೊಡ್ಡಮ್ಮ ಕಟ್ಟೆಯ ಮೇಲಿದ್ದ ಬುಟ್ಟಿಯನ್ನು ಎರಡೂ ಕೈಯಿಂದ ಎತ್ತಿಕೊಂಡರು. “ಇಲ್ಲಿಂದ ಆ ಕಡೆಗೆ ನಡ್ಕೊಂಡು ಹೋಗ್ಬೇಕು, ಮೆಟ್ಟಿಲು ಇಳಿಬೇಕು, ಹತ್ಬೇಕು. ನಿಮ್ಮ ಮೊಣಕಾಲು ನೋವು. ಇದನ್ನ ಡಿಕ್ಕಿಗೆ ಹಾಕ್ಸಿಬಿಡ್ತೀನಿ.”

“ಬೇಡಮ್ಮ. ನಾನೇ ತಗೊಂಡು ಹೋಗ್ತೀನಿ.”

“ಏನೂ ತೊಂದ್ರೆ ಇಲ್ಲ. ಸೇಂಗ್, ಹಿಡಿ.”

ನಾನು ಹಿಡಿದೆ. ಭಾರವಿತ್ತು. ಅನ್ನಕ್ಕೂ ಭಾರವಿರುತ್ತದೆ, ಆದರೆ ಇಂಥ ಭಾರವಲ್ಲ. ದೊಡ್ಡಮ್ಮನ ಕಡೆ ನೋಡಿದೆ, ಅವರು ನನ್ನ ಕಡೆ ನೋಡಲಿಲ್ಲ.

“ಬಿಸಿಲಿಗೆ ಹಳಸಿಹೋಗುತ್ತೆ,” ತಾತ ಎದ್ದು ನಿಂತರು.

“ಉಬೋನ್ ಏನು ದೂರನಾ? ಸಂಜೆ ಒಳಗೆ ಮಗಳ ಮನೇಲಿ ಇರ್ತೀರಿ. ಮನಿವಾನ್, ನಿನ್ನ ಬಟ್ಟೆ ಗಂಟು ತಾ. ಡಿಕ್ಕೀಲಿ ಜಾಗ ಇಲ್ವಂತೆ. ಬುಟ್ಟಿ ಕೆಳಗಿಟ್ಟು ಅದರ ಮೇಲೆ ನಿನ್ನ ಗಂಟು ಇಟ್ರೆ ಅಲುಗಾಡಲ್ಲ.”

“ಅದಕ್ಕೇನಂತೆ!” ಮನಿವಾನ್ ಗಂಟನ್ನು ಸೊಂಟಕ್ಕೇರಿಸಿಕೊಂಡು ಬಂದಳು. “ಉಟ್ಟ ಸಿನ್‌ಗಳು ತಾತ, ಮೆತ್ತಗಿವೆ. ನಿಮ್ಮ ಅನ್ನಕ್ಕೆ ಹಾಸಿಗೆ ಹಾಕ್ದಂಗೆ ಆಗುತ್ತೆ.”

“ಬುಟ್ಟಿ ನನ್ನ ಕೈಗೆ ಕೊಡು ಸೇಂಗ್.”

ತಾತನ ದನಿ ಮೆತ್ತಗೇ ಇತ್ತು. ಮಂತ್ರ ತಪ್ಪಿದಾಗ ತಿದ್ದುತ್ತಿದ್ದ ದನಿ. ನನ್ನ ಕಾಲು ತಾನಾಗಿ ನಿಂತಿತು.

“ನಡೆಯೋ,” ಎಂದರು ದೊಡ್ಡಮ್ಮ.

ನಡೆದೆ. ಡಿಕ್ಕಿಯ ಬಾಯಿ ತೆರೆದಿತ್ತು. ಒಳಗೆ ಎಣ್ಣೆ ಕಲೆಯ ತಗಡು, ಯಾರದೋ ಕೆಸರು ಮೆತ್ತಿದ ಬೂಟು. ನಾನು ಬಗ್ಗಿದೆ. ಮನಿವಾನ್ ನನ್ನ ಹಿಂದೆಯೇ ಬಂದು ಗಂಟನ್ನು ಎರಡೂ ಕೈಯಿಂದ ಮೇಲೆತ್ತಿದಳು.

“ಬೇಡ! ಅಯ್ಯೋ ಬೇಡ, ಬೇಡ! ಹೆಂಗಸರ ಬಟ್ಟೆ… ಅವನ ತಲೆ ಮೇಲೆ!”

ಇಡೀ ಅಂಗಳ ತಿರುಗಿ ನೋಡಿತು. ಮೊಣಕಾಲು ನೋವಿನ ತಾತ ಓಡಿಬಂದಿದ್ದರು. ಟೋಪಿ ಬಿದ್ದುಹೋಗಿತ್ತು, ಚಪ್ಪಲಿ ಎಲ್ಲೋ ಕಳಚಿತ್ತು. ಅವರು ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಮಂಡಿಯೂರಿ ನನ್ನ ಕೈಯಲ್ಲಿದ್ದ ಬುಟ್ಟಿಗೆ ಹಣೆ ಹಚ್ಚಿದರು.

ಮನಿವಾನ್ ಗಂಟು ಹಿಡಿದುಕೊಂಡೇ ಕಂಬದಂತೆ ನಿಂತಿದ್ದಳು. “ಯಾರ ತಲೆ? ಅನ್ನದ ಬುಟ್ಟಿ ಅಲ್ವಾ?”

“ಅದನ್ನೇ ನಾನೂ ಕೇಳ್ತಿದ್ದೆ,” ದೊಡ್ಡಮ್ಮ ಬಂದು ತಾತನ ಪಕ್ಕದಲ್ಲಿ ತಾವೂ ಮಂಡಿಯೂರಿದರು. ಮೊದಲು ಬುಟ್ಟಿಗೆ ಕೈಮುಗಿದರು. “ತಪ್ಪಾಯ್ತು ಫಾ ಸುಕ್. ಹುಡುಗನ ಜೀವಕ್ಕೋಸ್ಕರ ಈ ಆಟ ಆಡ್ದೆ. ಕ್ಷಮಿಸಿಬಿಡು.” ಆಮೇಲೆ ತಾತನ ಕಡೆ ತಿರುಗಿದರು. “ಅನ್ನದ ಬುಟ್ಟಿ ಎತ್ತಿಡೋಕೆ ಯಾರೂ ಟೋಪಿ ತೆಗೆಯಲ್ಲ ಅಣ್ಣ. ವಿಹಾರದ ಬಾಗಿಲಲ್ಲಿ ತೆಗೀತಾರೆ. ನೀವು ಪಾಕ್ಸೆಯಲ್ಲಿ ಬುಟ್ಟಿ ಮೇಲಿಡೋವಾಗ ತೆಗೆದ್ರಿ. ಮನಿವಾನ್ ತನ್ನ ಗಂಟನ್ನ ಪಕ್ಕದಲ್ಲಿಟ್ಲು ಅಂತ ಬುಟ್ಟೀನ ಆ ಕಡೆ ಸರಿಸ್ದಾಗ ತೆಗೆದ್ರಿ. ಸೇತುವೆ ಮೇಲೆ ಬ್ರೇಕ್ ಹಾಕಿ ಬುಟ್ಟಿ ಜಾರ್ದಾಗ ಹಿಡ್ಕೊಂಡು ಕೈಮುಗಿದ್ರಿ. ಈಗ ಇಲ್ಲೂ ತೆಗೆದ್ರಿ. ಇಷ್ಟು ಭಕ್ತಿಯಿಂದ ಕದಿಯೋ ಕಳ್ಳನ್ನ ನಾನು ನನ್ನ ಸರ್ವಿಸ್‌ನಲ್ಲಿ ನೋಡಿಲ್ಲ.”

ತಾತ ನನ್ನ ಕೈಯಿಂದ ಬುಟ್ಟಿ ತೆಗೆದುಕೊಂಡು, ತಲೆಯ ಮಟ್ಟಕ್ಕೆ ಎತ್ತಿ, ಕೌಂಟರಿನ ಕಟ್ಟೆಯ ತನಕ ಬರಿಗಾಲಲ್ಲಿ ನಡೆದರು. ಯಾರೂ ತಡೆಯಲಿಲ್ಲ. ಮುಚ್ಚಳ ತೆಗೆದರು. ಎರಡು ಬೆರಳಿನಿಂದ ಅನ್ನವನ್ನು ಅತ್ತಿತ್ತ ಸರಿಸಿದರು, ಬಾಳೆಲೆಯ ಪದರ ಬಿಡಿಸಿದರು.

ಫಾ ಸುಕ್ ಎದ್ದು ಬಂದ.

ಕೆನ್ನೆಗೆ ಒಂದೆರಡು ಅನ್ನದ ಅಗುಳು ಅಂಟಿದ್ದವು. ಚಿಕ್ಕಂದಿನಿಂದ ನಾನು ನೋಡಿದ ಅದೇ ಅರೆಮುಚ್ಚಿದ ಕಣ್ಣು, ಅದೇ ಸಣ್ಣ ನಗು. ಮೊಣಕಾಲಿನ ಮೇಲೆ ನನ್ನ ತಮ್ಮ ಕಳೆದ ಹೊಸ ವರ್ಷದಲ್ಲಿ ಹಚ್ಚಿದ ಬಂಗಾರದ ರೇಕು ಬಿಸಿಲಿಗೆ ಹೊಳೆಯಿತು. ನನಗೆ ಅಳು ತಡೆಯಲಾಗಲಿಲ್ಲ. ಗಡಿಯ ನಡುವೆ, ಸಿಪಾಯಿಗಳ ಮುಂದೆ, ಸಣ್ಣ ಮಗುವಿನಂತೆ ಗೊಳೋ ಎಂದು ಅತ್ತೆ.

ಆಮೇಲೆ ಆದದ್ದನ್ನು ನಾನು ಸಾಯುವ ತನಕ ಮರೆಯಲಾರೆ. ಸಾಲಿನಲ್ಲಿ ನಿಂತಿದ್ದವರು ಒಬ್ಬೊಬ್ಬರಾಗಿ ಕೂತರು. ಎಲೆಕೋಸಿನ ಹೆಂಗಸರು, ಕಾಫಿ ಚೀಲದವರು, ಹಿಂದಿನ ವ್ಯಾನಿನಿಂದ ಇಳಿದವರು. ಥೋಂಗ್ದಿ ಕ್ಯಾಪ್ ತೆಗೆದು ಕೂತ. ಇಸ್ತ್ರಿ ಅಂಗಿಯ ವಿರಾತ್ ಧೂಳಿನಲ್ಲೇ ಮಂಡಿಯೂರಿ ಮೂರು ಸಲ ಹಣೆ ಮುಟ್ಟಿಸಿದ. ಡ್ರೈವರ್ ಎಂಜಿನ್ ನಿಲ್ಲಿಸಿ ಇಳಿದುಬಂದ. ಮನಿವಾನ್ ತನ್ನ ಗಂಟನ್ನು ದೂರದ ಮೂಲೆಗೆ ಎಸೆದು ಬಂದು ಎಲ್ಲರಿಗಿಂತ ಮುಂದೆ ಕೂತಳು.

“ಸಿಕ್ಕಿಬಿಟ್ಟ!” ಯಾರೋ ಕೂಗಿದರು. ಚಪ್ಪಾಳೆ, ಸಿಳ್ಳೆ, ನಗು. ಯಾರೋ ನನ್ನ ಬೆನ್ನಿಗೆ ಗುದ್ದಿದರು, ಯಾರೋ ಕೈಗೆ ತಣ್ಣನೆ ಬಿಯರ್ ಕೊಟ್ಟರು. ವಿರಾತ್ ಎದ್ದವನೇ ಮನಿವಾನಳ ಎದುರು ಎದೆ ಸೆಟೆಸಿ ನಿಂತ.

“ಈಗ ಏನಂತೀಯಮ್ಮ?”

“ನೀವು ಕಳ್ಳ ಅಲ್ಲ ಅಂತೀನಿ. ಒಳ್ಳೆಯೋರು ಅಂತ ಇನ್ನೂ ಹೇಳಿಲ್ಲ.”

ದೊಡ್ಡಮ್ಮ ಫಾ ಸುಕ್‌ನ ಕೆನ್ನೆಯ ಅಗುಳುಗಳನ್ನು ಬಟ್ಟೆಯ ತುದಿಯಿಂದ ಒರೆಸುತ್ತಿದ್ದರು. ನಾನು ಅವರ ಕಾಲಿಗೆ ಬಿದ್ದೆ.

“ಏಳೋ ಮಂಕೆ. ಬುದ್ಧನ ಎದುರಿಗೆ ನನ್ನ ಕಾಲಿಗೆ ಬೀಳ್ತೀಯಲ್ಲ, ಕಲಿತಿದ್ದೇನು ಇಷ್ಟು ಹೊತ್ತು?” ಎಂದರು. ಆದರೆ ಎಬ್ಬಿಸುವಾಗ ನನ್ನ ಭುಜವನ್ನು ಬಹಳ ಹೊತ್ತು ಬಿಡಲಿಲ್ಲ.

ತಾತ ಬೆಂಚಿನ ಮೇಲೆ ಕೂತಿದ್ದರು. ಥೋಂಗ್ದಿ ಬೇಡಿ ಹಾಕುವಾಗ ತಾವಾಗಿಯೇ ಕೈ ಮುಂದೆ ಚಾಚಿದರು. ನಾನು ಹೋಗಿ ಎದುರು ನಿಂತೆ. ಎದೆಯಲ್ಲಿ ಬಹಳ ಮಾತಿತ್ತು, ಕೆಟ್ಟ ಮಾತು.

“ನನ್ನ ತಮ್ಮನ ಮೇಲೆ ಯಾಕೆ ಹೇಳಿದ್ರಿ ತಾತ? ನಿಮ್ಮ ಕೈತುತ್ತು ತಿಂದು ಬೆಳೆದೋನು ಅವನು. ನಿಮಗೋಸ್ಕರ ಪ್ರಾಣ ಕೊಡ್ತಿದ್ದ.”

ತಾತ ನನ್ನ ಮುಖವನ್ನೇ ನೋಡಿದರು. “ಖಂಥಲಿ ಸರಿಯಾಗಿ ಊಟ ಮಾಡ್ತಿದಾನಾ?”

“ಯಾರಿಗೆ ಕೊಡೋಕೆ ಹೊರಟಿದ್ರಿ ಅಣ್ಣ?” ದೊಡ್ಡಮ್ಮ ಕೇಳಿದರು. “ಎಷ್ಟಕ್ಕೆ?”

“ದುಡ್ಡಿಗಲ್ಲ.”

“ಮತ್ತೆ?”

ತಾತ ತಲೆ ಅಲ್ಲಾಡಿಸಿದರು. ಅಷ್ಟೇ. ದೊಡ್ಡಮ್ಮ ಎಷ್ಟು ಕೇಳಿದರೂ ಅವರ ತುಟಿ ಮತ್ತೆ ಬಿಚ್ಚಲಿಲ್ಲ. ದೊಡ್ಡಮ್ಮನ ಹುಬ್ಬು ಗಂಟಿಕ್ಕಿತು. ಕಳ್ಳ ಸಿಕ್ಕ ಮೇಲೂ ಅವರ ಹುಬ್ಬು ಹಾಗೆ ಗಂಟಾದದ್ದನ್ನು ನಾನು ನೋಡಿರಲಿಲ್ಲ. ನಾನು ಗಮನ ಕೊಡಲಿಲ್ಲ. ಗೆದ್ದ ಅಮಲಿನಲ್ಲಿದ್ದೆ.

ಥೋಂಗ್ದಿ ಫೋನಿನಲ್ಲಿ ಠಾಣೆಗೆ ಎಲ್ಲವನ್ನೂ ಹೇಳಿದ. ಎರಡೆರಡು ಸಲ ಹೇಳಿದ, ಎರಡನೇ ಸಲ ತನ್ನ ಪಾತ್ರವನ್ನು ಸ್ವಲ್ಪ ದೊಡ್ಡದು ಮಾಡಿಕೊಂಡ. ಆಮೇಲೆ ನಗುತ್ತ ಫೋನನ್ನು ನನಗೆ ಚಾಚಿದ.

“ಬಿಡುಗಡೆ ಕಾಗದ ತಯಾರು ಮಾಡ್ತಿದಾರೆ. ನಿನ್ನ ತಮ್ಮನ್ನ ಕರೆಸಿದಾರೆ, ಮಾತಾಡು. ನೀನೇ ಹೇಳು ಸುದ್ದೀನ.”

ನಾನು ಫೋನನ್ನು ಬಾಯಿಗೆ ಒತ್ತಿಕೊಂಡು ಕಿರುಚಿದೆ. “ಖಂಥಲಿ! ಸಿಕ್ಕಿಬಿಟ್ಟ ಕಣೋ! ಫಾ ಸುಕ್ ನನ್ನ ಕಣ್ಣೆದುರಿಗೇ ಇದಾನೆ! ರಾತ್ರಿ ಊಟ ಮನೇಲಿ! ಅಮ್ಮನಿಗೆ ಬಾತುಕೋಳಿ ಕೊಯ್ಯೋಕೆ ಹೇಳ್ತೀನಿ!”

ಆ ಕಡೆಯಿಂದ ಏನೂ ಇಲ್ಲ. ಸಿಗ್ನಲ್ ಹೋಯಿತೇನೋ ಎಂದು ಫೋನ್ ನೋಡಿದೆ. ಎಲ್ಲ ಕಡ್ಡಿಗಳೂ ಇದ್ದವು.

“ಖಂಥಲಿ? ಕೇಳ್ತಿದೆಯೇನೋ?”

“ತಾತನ ಕೈಗೆ ಬೇಡಿ ಹಾಕಿದ್ರಾ ಅಣ್ಣ?”

ಅಂಗಳದ ಗದ್ದಲ ನನ್ನ ಕಿವಿಯಿಂದ ದೂರ ಸರಿಯಿತು. “ತಾತ ಅಂತ ನಾನು ಹೇಳೇ ಇಲ್ವಲ್ಲೋ.”

“ಬಿಡಿಸು. ದೊಡ್ಡಮ್ಮನಿಗೆ ಹೇಳಿ ಬಿಡಿಸು. ಅವರು ಕದೀಲಿಲ್ಲ. ಬೀಗ ತೆಗೆದಿದ್ದು ನಾನೇ. ಬುಟ್ಟೀಲಿ ಬಾಳೆಲೆ ಹಾಸಿದ್ದೂ ನಾನೇ. ಪೊಲೀಸ್ ನನ್ನ ಹಿಂದೆ ಇದ್ರೆ ತಾತ ನಿಧಾನವಾಗಿ ಗಡಿ ದಾಟಬಹುದು ಅಂತ ಇಬ್ರೂ ಮಾತಾಡ್ಕೊಂಡಿದ್ವಿ. ನನ್ನ ಹೆಸರು ಹೇಳೋಕೆ ತಾತ ಒಪ್ಪಿರಲಿಲ್ಲ. ನಾನೇ ಕಾಲು ಹಿಡ್ದು ಒಪ್ಪಿಸ್ದೆ.”

ದೊಡ್ಡಮ್ಮ ಬಂದು ಕಿವಿಯನ್ನು ಫೋನಿಗೆ ತಾಗಿಸಿ ನಿಂತಿದ್ದರು. ಅವರ ಉಸಿರು ನನ್ನ ಕೆನ್ನೆಗೆ ಬಡಿಯುತ್ತಿತ್ತು.

“ಯಾಕೋ?” ಅಂದೆ.

“ಇಲ್ಲಿ ಎಲ್ರೂ ಸುತ್ತ ನಿಂತಿದಾರೆ, ಹೇಳೋಕಾಗಲ್ಲ.” ಅವನ ದನಿ ಇನ್ನೂ ಇಳಿಯಿತು. “ಅಣ್ಣ, ಒಂದೇ ಒಂದು ಕೆಲಸ ಮಾಡು. ಫಾ ಸುಕ್‌ನ ಊರಿಗೆ ಮಾತ್ರ ವಾಪಸ್ ತರಬೇಡ. ನಾನು ಎಷ್ಟು ವರ್ಷ ಬೇಕಾದ್ರೂ ಒಳಗಿರ್ತೀನಿ. ಅವನು ಊರಿಗೆ ಬಂದ್ರೆ ಉಳಿಯಲ್ಲ. ಕಾಯಬೇಕಾದೋರೇ ಅವನನ್ನ…”

ಯಾರೋ ಅವನ ಕೈಯಿಂದ ಫೋನ್ ಕಸಿದುಕೊಂಡ ಸದ್ದಾಯಿತು. 'ಕರೆ ಮುಗಿದಿದೆ' ಎಂದು ಪರದೆ ತೋರಿಸಿತು.

ಥೋಂಗ್ದಿ ಕೈಯುಜ್ಜಿಕೊಳ್ಳುತ್ತ ಬಂದ. “ಏನಂದ ತಮ್ಮ? ಅಳ್ತಿದ್ನಾ? ಸಂತೋಷ ಆದ್ರೆ ಹಾಗೇನೇ. ಇನ್ನೊಂದು ಒಳ್ಳೆ ಸುದ್ದಿ ದೊಡ್ಡಮ್ಮ. ನಿಮ್ಮೂರಿಗೂ ಹೇಳಿಬಿಟ್ಟೆ. ಫಾ ಸುಕ್‌ನ ಕರ್ಕೊಂಡು ಹೋಗೋಕೆ ಅಲ್ಲಿಂದ ಜೀಪು ಹೊರಟಾಯ್ತಂತೆ. ಕತ್ತಲಾಗೋದ್ರೊಳಗೆ ಇಲ್ಲಿರ್ತಾರೆ.”

ಬೆಂಚಿನ ಮೇಲಿದ್ದ ಸೀಫಾನ್ ತಾತ ಎದ್ದು ನಿಂತರು. ಬೇಡಿ ಹಾಕಿದ ಎರಡೂ ಕೈಗಳನ್ನು ದೊಡ್ಡಮ್ಮನ ಕಡೆ ಜೋಡಿಸಿದರು. ಕಣ್ಣಿಂದ ನೀರು ಸುರಿಯುತ್ತಿತ್ತು.

ಆಚೆ ಡ್ರೈವರ್ ಎಂಜಿನ್ ಶುರುಮಾಡಿದ. ಹಾಡುತ್ತ, ನಗುತ್ತ ನಮ್ಮ ಬಸ್ಸಿನ ಜನ ಚೋಂಗ್ ಮೆಕ್ ಕಡೆಗೆ ನಡೆಯತೊಡಗಿದ್ದರು. ಮನಿವಾನ್ ತಿರುಗಿ ನಮಗೆ ಕೈಬೀಸಿದಳು.

ದೊಡ್ಡಮ್ಮ ಪಾಕ್ಸೆಯಿಂದ ಬರುವ ರಸ್ತೆಯನ್ನು ನೋಡಿದರು. ಆಮೇಲೆ ಕಟ್ಟೆಯ ಮೇಲಿದ್ದ ಫಾ ಸುಕ್‌ನನ್ನು ನೋಡಿದರು. ಹೆಗಲ ಬಟ್ಟೆಯನ್ನು ತೆಗೆದು ಅವನ ಮೇಲೆ ಮೆಲ್ಲಗೆ ಹೊದಿಸಿದರು.

“ಸೇಂಗ್,” ಎಂದರು, ತುಟಿ ಅಲುಗಿಸದೆ. “ನಮ್ಮ ಪಾಸ್‌ಪೋರ್ಟ್ ಎಲ್ಲಿಟ್ಟಿದ್ದೀಯ?”